ಲೀಲಕ್ಕ ನೇಯ್ದ ಬಾಗಿಲು

ಒದ್ದೆ ಉಣ್ಣೆಯ ವಾಸನೆ ನಿಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನಷ್ಟವೇನೂ ಇಲ್ಲ. ನೆನೆದ ಕುರಿಯೊಂದು ನಿಮ್ಮ ಬಚ್ಚಲಿಗೆ ಬಂದು ನಿಂತಿದೆ, ಎಷ್ಟು ಹೇಳಿದರೂ ಹೊರಗೆ ಹೋಗಲು ಒಪ್ಪುತ್ತಿಲ್ಲ ಎಂದುಕೊಳ್ಳಿ, ಹೆಚ್ಚುಕಡಿಮೆ ಹಾಗೆ. ಇವತ್ತು ಬೆಳಿಗ್ಗೆ ಗುಜರಾತಿನ ಮಂಜಲ್‌ಪುರದ ನಮ್ಮ ಮನೆಯ ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಬಣ್ಣ ಕಟ್ಟಿದ ಉಣ್ಣೆಯ ಲಡಿಗಳನ್ನು ತೊಳೆಯುತ್ತಿದ್ದೆ. ಮಕರಪುರದ ಕಾರ್ಖಾನೆಗೆ ಹೊರಡಬೇಕಿದ್ದ ನಮ್ಮ ಮನೆಯವರು ಟವೆಲ್ಲನ್ನು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತರು.

"ನನಗ ಜಳಕಾ ಮಾಡ್ಲಿಕ್ಕೆ ಜಾಗಾ ಐತೇನ, ಇಲ್ಲಾ ಕುರಿ ಹಿಂದ ಪಾಳಿ ಹಚ್ಚಬೇಕೇನ?"

ನಾನು ಇನ್ನೊಂದು ಲಡಿ ಹಿಂಡಿದೆ. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ಕೆಲವು ಪ್ರಶ್ನೆಗಳು ಉತ್ತರಕ್ಕಾಗಿ ಬರುವುದಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಅಷ್ಟರಲ್ಲಿ ನನ್ನ ಮನಸ್ಸು ಬಚ್ಚಲು ಬಿಟ್ಟು ಅಹಮದಾಬಾದಿಗೆ ಹೋಗಿಯಾಗಿತ್ತು. ಇಂಥದೇ ವಾಸನೆಯ ಇಂಥದೇ ಹಳದಿ ಲಡಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಟೀಚರ್, ಇದು ನಮ್ಮ ಹೋಟ್ಲಿನ ಬೆಳಗ್ಗೆ ಏಳು ಗಂಟೆ" ಎಂದಿದ್ದ ಒಬ್ಬ ಹೆಂಗಸಿನ ಮುಖ ಕಣ್ಣ ಮುಂದೆ ಬಂತು.

ಅವರ ವಿಷಯ ಹೇಳುವ ಮೊದಲು ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಟ್ಯಾಪೆಸ್ಟ್ರಿ ನೇಯುವುದನ್ನು ಕಲಿಸುತ್ತೇನೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಧಾರವಾಡಕ್ಕೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಚಿತ್ರನೇಯ್ಗೆ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ, ನನಗೂ ಆಗುವುದಿಲ್ಲ. ಸೀರೆಯ ಮಗ್ಗದಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದಲ್ಲ, ಇಲ್ಲಿ ಹಾಗಿಲ್ಲ. ಒಂದು ಮರದ ಚೌಕಟ್ಟಿಗೆ ಹಾಸಿನ ಎಳೆಗಳನ್ನು ಬಿಗಿದು ಕಟ್ಟಿ, ಬಣ್ಣಬಣ್ಣದ ಹೊಕ್ಕನ್ನು ಬೆರಳಿನಿಂದಲೇ ತೂರಿಸಬೇಕು. ಪ್ರತಿ ಬಣ್ಣವೂ ತನ್ನ ಪಾಲಿನ ಜಾಗದಲ್ಲಷ್ಟೇ ಓಡಾಡಿ ಹಿಂದಕ್ಕೆ ತಿರುಗುತ್ತದೆ. ಹಾಗೆ ಕೆಳಗಿನಿಂದ ಮೇಲಕ್ಕೆ ಇಷ್ಟಿಷ್ಟೇ ಚಿತ್ರ ಬೆಳೆಯುತ್ತದೆ. ಇಡೀ ದಿನ ಬೆನ್ನು ಬಗ್ಗಿಸಿ ಕೂತರೆ ಅಂಗೈಯಗಲ ಆದೀತು. ನಾನು ಇಲ್ಲಿನ ಕಾಲೇಜಿನಲ್ಲಿ ಓದುವಾಗ ರಜೆಯಲ್ಲಿ ಊರಿಗೆ ಹೋಗಿ ನನ್ನ ಮೊದಲ ತುಂಡನ್ನು ಹೆಮ್ಮೆಯಿಂದ ತೋರಿಸಿದ್ದೆ. ನಮ್ಮವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟ ದಿನಕ್ಕ ಇಷ್ಟನ? ಕೈಯೊರಸೂ ವಸ್ತ್ರಾನೂ ಆಗಂಗಿಲ್ಲಲ್ಲ ಇದು" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಇಂಥ ಉಪಯೋಗವಿಲ್ಲದ ವಿದ್ಯೆಯನ್ನು ಹಂಚಲು ನಾನು ಪ್ರತಿ ಚಳಿಗಾಲ ಅಹಮದಾಬಾದಿಗೆ ಹೋಗುತ್ತೇನೆ. ಚಾಂದ್‌ಖೇಡಾ ದಾಟಿ ಸ್ವಲ್ಪ ಮುಂದೆ ಒಂದು ಹಳೆಯ ಶಾಲೆಯ ಆವರಣದಲ್ಲಿ ನೇಕಾರರು ಸೇರುತ್ತಾರೆ. ಮೂರು ದಿನದ ಮೇಳ. ಕಛ್ ಕಡೆಯ ಶಾಲು ನೇಯುವವರು, ಕಂಬಳಿಯವರು, ನೂಲು ಮಾರುವವರು, ಬರಿದೇ ನೋಡಿಕೊಂಡು ಹೋಗಲು ಬಂದವರು. ಮೇಳ ನಡೆಸುವ ಹಂಸಾಬೆನ್ ನನಗೆ ಒಂದು ಉದ್ದನೆಯ ತರಗತಿಯನ್ನು ಬಿಟ್ಟುಕೊಡುತ್ತಾರೆ. ಅಲ್ಲಿ ನಾನು ನನ್ನ ಗುಜರಾತಿಯಲ್ಲಿ ಪಾಠ ಮಾಡುತ್ತೇನೆ. ನನ್ನ ಗುಜರಾತಿ ಎಂಥದೆಂದರೆ, ಒಮ್ಮೆ ಎಲ್ಲರೂ ಎಳೆಗಳನ್ನು ಸಡಿಲ ಬಿಡಿ ಎಂದು ಹೇಳಹೋಗಿ ಇಡೀ ತರಗತಿಯನ್ನು ಚಹಾಕ್ಕೆ ಕಳಿಸಿಬಿಟ್ಟಿದ್ದೆ.

ಕೆಲವು ವರ್ಷಗಳ ಹಿಂದಿನ ಅಂಥದೊಂದು ಮೇಳದ ಮೊದಲ ದಿನ. ನಾನು ಚೌಕಟ್ಟುಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಕನ್ನಡ ಕೇಳಿಸಿತು.

"ಹ್ವಾಯ್, ಹೊಸ್ತಿಲು ಉಂಟು. ಕಾಲು ಎತ್ತಿ ಇಡಿ. ಇನ್ನೂ ಸ್ವಲ್ಪ. ಹಾಂ."

ಅರವತ್ತರ ಆಸುಪಾಸಿನ ಹೆಂಗಸು. ಅಂಚಿಲ್ಲದ ಹತ್ತಿ ಸೀರೆ, ಹೆಗಲಿಗೆ ದೊಡ್ಡ ಚೀಲ. ಅವರ ತೋಳು ಹಿಡಿದು ಎತ್ತರದ, ಗಟ್ಟಿ ಮೈಯ ಗಂಡಸೊಬ್ಬರು ಬಲಗಾಲನ್ನು ಎಳೆಯುತ್ತ ಒಳಗೆ ಬಂದರು. ಅವರ ಬಲಗೈ ಹೊಟ್ಟೆಯ ಹತ್ತಿರ ಮಡಚಿಕೊಂಡೇ ಇತ್ತು. ನಾನು ಓಡಿಹೋಗಿ ಕುರ್ಚಿ ಎಳೆದು, "ಬರ್ರಿ ಅಕ್ಕಾರ, ಕೂಡ್ರಿ, ಹಗೂರಕ ಬರ್ರಿ" ಎಂದೆ. ಆಕೆ ಕಣ್ಣರಳಿಸಿ ನನ್ನನ್ನು ನೋಡಿದರು.

"ಅಯ್ಯೋ ಮಾರಾಯ್ತಿ, ಕನ್ನಡವಾ! ಆದ್ರೆ ಹಗೂರ ಎಲ್ಲಿ, ಇವರು ಭಾರ ಉಂಟು."

ನಮ್ಮ ಕಡೆ ಹಗೂರ ಎಂದರೆ ನಿಧಾನ. ಅವರ ಕಡೆ ತೂಕವಿಲ್ಲದ್ದು. ಧಾರವಾಡದ ಕನ್ನಡವೂ ಕುಂದಾಪುರದ ಕನ್ನಡವೂ ಗುಜರಾತಿನ ಶಾಲೆಯೊಂದರಲ್ಲಿ ಹೀಗೆ ಮುಖಾಮುಖಿಯಾದವು. ಆಮೇಲೆ ಅವರು ನನ್ನೊಂದಿಗೆ ಮಾತಾಡುವಾಗಲೆಲ್ಲ ತಮ್ಮ ಊರ ಮಾತಿಗೆ ಸ್ವಲ್ಪ ಇಸ್ತ್ರಿ ಹಾಕಿ ಆಡುತ್ತಿದ್ದರು. ನಾನೂ ಅಷ್ಟೇ.

ಆಕೆ ಲೀಲಕ್ಕ. ಅವರು ಭೋಜಣ್ಣ, ಲೀಲಕ್ಕನ ಗಂಡ. ಸೂರತ್ತಿನ ಬಟ್ಟೆ ಮಾರುಕಟ್ಟೆಯ ಹತ್ತಿರದ ಗಲ್ಲಿಯಲ್ಲಿ ಅವರದೊಂದು ಇಡ್ಲಿ ದೋಸೆಯ ಹೋಟೆಲು. ಭೋಜಣ್ಣ ಹರೆಯದಲ್ಲಿ ಊರು ಬಿಟ್ಟು ಬಂದು ಕಟ್ಟಿ ನಿಲ್ಲಿಸಿದ್ದು. ಮೇಳಕ್ಕೆ ಬರುವ ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಎಲ್ಲ ಮಾತೂ ಅಲ್ಲ, ಒಂದು ಉಳಿದಿತ್ತು.

"ಸಾಕ್," ಎಂದರು ಭೋಜಣ್ಣ, ನಾನು ನೀರಿನ ಲೋಟ ಕೊಟ್ಟಾಗ.

"ಅದು ಬೇಡ ಅಂತ ಅಲ್ಲ," ಎಂದರು ಲೀಲಕ್ಕ. "ನಮಸ್ಕಾರ ಅಂತ ಇರ್ಬೇಕು. ಇವರಿಗೆ ಎಲ್ಲದಕ್ಕೂ ಅದೊಂದೇ. ಹಸಿವಾದ್ರೆ ಸಾಕ್, ನಿದ್ರೆ ಬಂದ್ರೆ ಸಾಕ್, ಮೊಮ್ಮಗಳನ್ನು ಕಂಡ್ರೂ ಸಾಕ್. ಇಡೀ ಸೂರತ್ತಿಗೆ ಸಾಕು ಸಾಕು ಅನ್ನುವಷ್ಟು ಬಡಿಸಿದವರಲ್ದಾ, ಕೇಳಿ ಕೇಳಿ ಆ ಮಾತೊಂದು ಒಳಗೆ ಗಟ್ಟಿ ಕೂತಿದೆ."

ಹೇಳುವಾಗ ನಗುತ್ತಿದ್ದರು. ಆದರೆ ಭೋಜಣ್ಣ ನಗಲಿಲ್ಲ. ಕಾಯಿಲೆಯಾದ ಮೇಲೆ ಅವರು ನಕ್ಕದ್ದೇ ಇಲ್ಲ ಎಂದು ಆಮೇಲೆ ತಿಳಿಯಿತು. ಹೋಟೆಲಿಗೆ ಇಳಿದು ಬರುವುದನ್ನೂ ಬಿಟ್ಟಿದ್ದರಂತೆ. ದೊಡ್ಡ ದನಿಯಲ್ಲಿ ಗಿರಾಕಿಗಳನ್ನು ಕರೆಯುತ್ತಿದ್ದ ಮನುಷ್ಯ, ಅವರೆಲ್ಲರ ಎದುರಿಗೆ ಈ ಒಂದು ಮಾತು ಇಟ್ಟುಕೊಂಡು ಹೇಗೆ ನಿಲ್ಲುವುದು? ಎಡಗೈಗೆ ಏನಾದರೂ ಕೆಲಸ ಕೊಡಿ, ಮನೆಯಿಂದ ಹೊರಗೆ ಕರೆದುಕೊಂಡು ಹೋಗಿ ಎಂದು ವ್ಯಾಯಾಮ ಮಾಡಿಸಲು ಬರುವವರು ಹೇಳಿದ್ದರು. ಚಾಂದ್‌ಖೇಡಾದಲ್ಲಿದ್ದ ಲೀಲಕ್ಕನ ನಾದಿನಿ ಮೇಳದ ಸುದ್ದಿ ಕೇಳಿ ಅಣ್ಣನ ಹೆಸರು ಬರೆಸಿದ್ದರು. ಅಣ್ಣನದು ಮಾತ್ರ. ಲೀಲಕ್ಕ ಜೊತೆಗೆ ಬಂದವರು.

ಆ ದಿನ ಬೆಳಿಗ್ಗೆ ನಾನು ಭೋಜಣ್ಣನ ಪಕ್ಕದಲ್ಲೇ ಹೆಚ್ಚು ಹೊತ್ತು ಕೂತಿದ್ದೆ. ಚೌಕಟ್ಟನ್ನು ಮೇಜಿಗೆ ಬಿಗಿದು ಕಟ್ಟಿದೆ. ದಪ್ಪ ನೂಲು ಆರಿಸಿ ಕೊಟ್ಟೆ. ಅವರು ಎಡಗೈಯಿಂದ ಒಂದು ಎಳೆ ಎತ್ತುವರು. ಅದರಡಿ ನೂಲು ತೂರಿಸಲು ಇನ್ನೊಂದು ಕೈ ಬೇಕು. ಆ ಕೈ ಹೊಟ್ಟೆಯ ಮೇಲೆ ಮಲಗಿತ್ತು. ನೂಲು ಜಾರಿ ಬಿತ್ತು. ಲೀಲಕ್ಕ ಬಗ್ಗಿ ಎತ್ತಿ ಕೊಟ್ಟರು. ಮತ್ತೆ ಬಿತ್ತು. ಮತ್ತೆ ಎತ್ತಿ ಕೊಟ್ಟರು. ಎದುರಿನ ಸಾಲಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಪಾಪ ಎನ್ನುವ ಹಾಗೆ ನೋಡಿದಳು. ಅದು ಅವರ ಕಣ್ಣಿಗೆ ಬಿತ್ತು. "ಸಾಕ್!" ಎಂದು ಎಡಗೈಯಿಂದ ಚೌಕಟ್ಟನ್ನು ನೂಕಿದರು. ಮೇಜೇ ಕಿರ್ರೆಂದು ಸರಿಯಿತು. ಆ ಸಲ ಆ ಮಾತಿಗೆ ಒಂದೇ ಅರ್ಥವಿತ್ತು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರು ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋಗಿ, ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಲೀಲಕ್ಕ ಹಿಂದೆಯೇ ಓಡಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬರೇ ಬಂದು ಚೀಲ ಹೆಗಲಿಗೆ ಹಾಕಿಕೊಂಡರು.

"ತಪ್ಪಾಯ್ತು ಟೀಚರ್. ನಾಲ್ಕು ಜನರ ಎದುರಿಗೆ ತಂದು ಕೂರಿಸ್ಬಾರ್ದಿತ್ತು. ಸಂಜೆ ಗಾಡಿಗೆ ಸೂರತ್ತಿಗೆ ಹೋಗ್ತೇವೆ."

"ಊಟಾ ಮಾಡಿ ಹೋಗ್ರಿ," ಎಂದೆ. ನಮ್ಮ ಕಡೆಯವರಿಗೆ ಏನೂ ತೋಚದಾಗ ಹೊರಡುವ ಮಾತು ಅದೇ.

ಆ ಊಟವೇ ಎಲ್ಲವನ್ನೂ ತಿರುಗಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ಮೇಳದ ಊಟಕ್ಕೆ ನೆಲದ ಮೇಲೆ ಪಂಕ್ತಿ. ಭೋಜಣ್ಣನಂಥವರಿಗಾಗಿ ಗೋಡೆಯ ಪಕ್ಕ ಬೆಂಚು. ಲೀಲಕ್ಕ ಗಂಡನನ್ನು ಕೂರಿಸಿ ಕೈತೊಳೆಯಲು ಹೋಗಿದ್ದರು. ಬಿಳಿ ಟೋಪಿಯ ಮುದುಕರೊಬ್ಬರು ಬಕೆಟ್ಟು ಹಿಡಿದು ಪಲ್ಯ ಬಡಿಸುತ್ತ ಬಂದರು. ಗುಜರಾತಿಯಲ್ಲಿ ಪಲ್ಯಕ್ಕೆ ಶಾಕ್ ಎನ್ನುತ್ತಾರೆ; ಹಳ್ಳಿಯ ಕಡೆಯವರ ಬಾಯಲ್ಲಿ ಅದು ಸಾಕ್ ಎಂದೇ ಕೇಳಿಸುತ್ತದೆ. ಮುಂದಿನದನ್ನು ನೀವೇ ಊಹಿಸಬಹುದು.

ಒಂದು ಸೌಟು ಬಿತ್ತು. ಭೋಜಣ್ಣ "ಸಾಕ್" ಎಂದರು.

"ಸಾಕ್? ಲ್ಯೋ ಕಾಕಾ, ಲ್ಯೋ!" ತಗೊಳ್ಳಿ ತಗೊಳ್ಳಿ ಎನ್ನುತ್ತ ಮುದುಕರು ಇನ್ನೊಂದು ಸೌಟು ಹಾಕಿದರು.

"ಸಾಕ್!"

"ಲ್ಯೋ ಲ್ಯೋ, ಬಿಜು ಲ್ಯೋ!" ಮತ್ತೊಂದು ಸೌಟು. ಇಷ್ಟು ಪ್ರೀತಿಯಿಂದ ತಮ್ಮ ಆಲೂ ಬದನೆಕಾಯಿಯನ್ನು ಕೇಳಿ ಕೇಳಿ ಹಾಕಿಸಿಕೊಳ್ಳುವವರನ್ನು ಆ ಮುದುಕರು ಜನ್ಮದಲ್ಲಿ ಕಂಡಿರಲಿಲ್ಲವೇನೋ. ಭೋಜಣ್ಣ ತಟ್ಟೆಯ ಮೇಲೆ ಎಡಗೈ ಅಡ್ಡ ಹಿಡಿದು ದೊಡ್ಡ ದನಿಯಲ್ಲಿ "ಸಾಕ್, ಸಾಕ್, ಸಾಕ್" ಎಂದಷ್ಟೂ ಅವರು ಅಡ್ಡ ಹಿಡಿದ ಕೈಯ ಬದಿಯಿಂದ ಬಡಿಸುತ್ತಲೇ ಇದ್ದರು. ನಾನು ಓಡಿ ಬರುವಷ್ಟರಲ್ಲಿ ತಟ್ಟೆಯಲ್ಲಿ ಗುಡ್ಡ ಬೆಳೆದಿತ್ತು. ಲೀಲಕ್ಕನೂ ಒದ್ದೆ ಕೈಯಲ್ಲೇ ಓಡಿ ಬಂದರು. ಬಂದವರು ನಿಂತುಬಿಟ್ಟರು.

ಭೋಜಣ್ಣ ನಗುತ್ತಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಇಡೀ ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬರುವ ಹಾಗೆ. ಏನಾಯಿತೆಂದು ತಿಳಿಯದ ಮುದುಕರೂ ನಕ್ಕರು. ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ಇಡೀ ಪಂಕ್ತಿ ನಕ್ಕಿತು. ಲೀಲಕ್ಕ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ ನಾನು ವಿಚಾರಿಸಲು ಹೋಗಲಿಲ್ಲ.

ಸಂಜೆಯ ಗಾಡಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಊಟದ ನಂತರ ಭೋಜಣ್ಣ ಬೇವಿನ ಕಟ್ಟೆಗೇ ಹೋಗಿ ಕೂತರು, ಈ ಸಲ ಅಂಗಳದ ಕಡೆ ಮುಖ ಮಾಡಿ. ಲೀಲಕ್ಕ ಅವರ ಪಕ್ಕ ಕೂತು ನಮ್ಮ ತರಗತಿಯ ಬಾಗಿಲನ್ನೇ ನೋಡುತ್ತಿದ್ದರು. ನಾನು ಒಂದು ಚೌಕಟ್ಟನ್ನೂ ಬಣ್ಣದ ಲಡಿಗಳ ಬುಟ್ಟಿಯನ್ನೂ ಎತ್ತಿಕೊಂಡು ಹೊರಗೆ ಹೋದೆ.

"ಇದು ಅವರಿಗೆ ಬೇಡ ಟೀಚರ್. ಮತ್ತೆ ಸಿಟ್ಟು ಬರ್ತದೆ."

"ಅವರಿಗಲ್ಲರಿ. ನಿಮಗ."

"ನಂಗಾ?" ಯಾರಾದರೂ ಹಿಂದೆ ನಿಂತಿದ್ದಾರೇನೋ ಎಂಬಂತೆ ತಿರುಗಿ ನೋಡಿದರು. "ನಂಗೆ ಎಂತ ಬರ್ತದೆ ಮಾರಾಯ್ತಿ? ನಾನು ಕ್ಯಾಶಿನಲ್ಲಿ ಕೂರುವವಳು."

"ಏನು ನೇಯಬೇಕಂತ ಅನ್ನಸ್ತದ, ಅದನ್ನ ಹೇಳ್ರಿ. ಹೆಂಗ ಅನ್ನೂದನ್ನ ನಾ ಹೇಳ್ತೀನಿ."

ಕಲಿಯಲು ಬಂದವರನ್ನೆಲ್ಲ ನಾನು ಈ ಪ್ರಶ್ನೆ ಕೇಳುತ್ತೇನೆ. ನವಿಲು ಎನ್ನುತ್ತಾರೆ, ಗಣಪತಿ ಎನ್ನುತ್ತಾರೆ, ಸೂರ್ಯಾಸ್ತ ಎನ್ನುತ್ತಾರೆ. ಲೀಲಕ್ಕ ಬುಟ್ಟಿಯ ಲಡಿಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಆಮೇಲೆ, "ಬಾಗಿಲು ಆಗ್ತದಾ?" ಎಂದರು.

ಯಾವ ಬಾಗಿಲು ಎಂದೆ. ಅವರ ಹೋಟೆಲಿನ ಬಾಗಿಲಂತೆ. ಮದುವೆಯಾಗಿ ಸೂರತ್ತಿಗೆ ಬಂದಾಗಿನಿಂದ ಅವರು ಕೂತದ್ದು ಕ್ಯಾಶಿನ ಕುರ್ಚಿಯಲ್ಲಿ. ಅಲ್ಲಿಂದ ಕಾಣುವುದು ಎದುರಿನ ಬಾಗಿಲು ಮಾತ್ರ. ಎರಡೂ ಕಡೆ ಹೊಗೆ ಹಿಡಿದ ಕಂದು ಗೋಡೆ, ನಡುವೆ ಉದ್ದಕ್ಕೆ ಬೆಳಕು. "ಬೆಳಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು, ಸಂಜೆಗೆ ಎದುರಿನ ಸೀರೆ ಅಂಗಡಿಯ ಗಾಜಿಗೆ ಬಿಸಿಲು ಬಡಿದು ಇನ್ನೊಂದು. ಊರು ಊರು ಅಂತಾರಲ್ದಾ, ನಂಗೆ ಸೂರತ್ತು ಅಂದ್ರೆ ಅಷ್ಟೇ ಟೀಚರ್. ಆ ಬಾಗಿಲಿನಷ್ಟು." ಹಾಗೆಂದವರು ಬುಟ್ಟಿಯಿಂದ ಹಳದಿ ಲಡಿಯೊಂದನ್ನು ಎತ್ತಿ ಹಿಡಿದರು. ಬೆಳಗ್ಗೆ ಏಳು ಗಂಟೆಯ ಮಾತು ಬಂದದ್ದು ಆಗ.

ಕೆಳಗೆ ಬೆಳಗು, ಮೇಲೆ ಸಂಜೆ ಎಂದು ನಿಶ್ಚಯವಾಯಿತು. ಅವರ ಬೆರಳುಗಳು ದಪ್ಪ. ಮೊದಮೊದಲು ನೂಲಿನ ಮೇಲೆ ಭಾರವಾಗಿ ಬೀಳುತ್ತಿದ್ದವು. ಬೇಗ ಹದಕ್ಕೆ ಬಂದವು ಎಂದು ಹೇಳುವ ಆಸೆ ನನಗಿದೆ, ಆದರೆ ನಿಜ ಹಾಗಿಲ್ಲ. ಅಂಚು ಒಳಗೆ ಎಳೆದುಕೊಂಡಿತು, ಬಿಚ್ಚಿದೆವು. ಗೋಡೆಯ ಕಂದು ಬೆಳಕಿನೊಳಗೆ ನುಗ್ಗಿತು; ಬಿಚ್ಚಿದೆವು. ಬೆಳಕೂ ಗೋಡೆಯೂ ಪಕ್ಕಪಕ್ಕದಲ್ಲಿ ಹಿಂದಕ್ಕೆ ತಿರುಗುವಲ್ಲಿ ಉದ್ದಕ್ಕೆ ಸೀಳು ಬಿಡುತ್ತಿತ್ತು. ಕಡೆಗೆ ಸೂಜಿಯಿಂದ ಹೊಲಿಯಬಹುದು ಎಂದೆ. "ಬಾಗಿಲಿಗೆ ಸಂದು ಇರ್ಬೇಕಲ್ದಾ, ಇರ್ಲಿ ಬಿಡಿ" ಎಂದರು.

ಮಾರನೆಯ ದಿನ ಅವರು ಬರುತ್ತಾರೋ ಇಲ್ಲವೋ ಎಂದು ನಾನು ಗೇಟಿನ ಕಡೆ ನೋಡುತ್ತಿದ್ದೆ. ರಿಕ್ಷಾದಿಂದ ಮೊದಲು ಇಳಿದದ್ದು ಭೋಜಣ್ಣ. ಸೀದಾ ಬೇವಿನ ಕಟ್ಟೆಗೆ ಹೋದರು. ಇವರೊಬ್ಬರನ್ನು ಹೊರಗೆ ಬಿಟ್ಟು ಒಳಗೆ ಪಾಠ ಮಾಡುವುದು ಸರಿಕಾಣದೆ, "ಚಾಲೋ, ಬಧಾ ಬಹಾರ್!" ಎಂದು ಎಲ್ಲರನ್ನೂ ಚೌಕಟ್ಟಿನ ಸಮೇತ ಅಂಗಳಕ್ಕೆ ಕರೆದೆ. ಹಂಸಾಬೆನ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, ತರಗತಿ ಯಾಕೆ ಬೇಡವಾಯಿತು ಎಂದು ಕೇಳಿದರು. ಬಿಸಿಲು ಚೆನ್ನಾಗಿದೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಚಳಿಗಾಲದ ಎಳೆ ಬಿಸಿಲು ಬೇವಿನ ಎಲೆಗಳ ನಡುವಿನಿಂದ ಎಲ್ಲರ ಹಾಸಿನ ಮೇಲೆ ಬಿದ್ದಿತ್ತು.

ಲೀಲಕ್ಕ ಹಳದಿ ನೇಯುತ್ತಿದ್ದರು. ಭೋಜಣ್ಣ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ "ಸಾಕ್" ಎಂದರು. ಮನೆಗೆ ಹೋಗೋಣ ಎಂದಿದ್ದರೇನೋ, ಬಾಯಾರಿತ್ತೇನೋ. ಲೀಲಕ್ಕ ಕೈ ನಿಲ್ಲಿಸಿ ನೇಯ್ದದ್ದನ್ನು ನೋಡಿದರು.

"ಹೌದಾ? ಹಳದಿ ಸಾಕಾ? ನಂಗೂ ಹಾಗೇ ಕಂಡಿತು."

ಹಳದಿ ಕತ್ತರಿಸಿ ಬಿಳಿ ಹಿಡಿದರು. ಭೋಜಣ್ಣ ಅವರ ಮುಖವನ್ನೇ ನೋಡಿದರು, ಆಮೇಲೆ ನೇಯ್ಗೆಯನ್ನು. ಬಿಳಿಯ ಮೊದಲ ಸಾಲುಗಳು ಹಳದಿಯ ಮೇಲೆ ಕೂತವು. ಅವರು ಕಟ್ಟೆಯ ಮೇಲೆ ಸ್ವಲ್ಪ ಹತ್ತಿರ ಸರಿದು ಕೂತರು. ಬಿಳಿ ಒಂದು ಬೆರಳಿನಷ್ಟು ಎದ್ದಾಗ, ಚೌಕಟ್ಟಿನತ್ತ ಎಡಗೈ ತೋರಿಸಿ "ಸಾಕ್" ಎಂದರು. ಈ ಸಲ ಅದು ಬಿಳಿಯ ಬಗ್ಗೆಯೇ ಆಡಿದ ಮಾತು. ನಾನು ಕಣ್ಣಾರೆ ನೋಡಿದೆ.

ಕಡೆಯ ದಿನ ಎಲ್ಲರೂ ತಮ್ಮ ತಮ್ಮ ತುಂಡನ್ನು ಕತ್ತರಿಸಿ ಚೌಕಟ್ಟಿನಿಂದ ಇಳಿಸುತ್ತಿದ್ದಾಗ ಲೀಲಕ್ಕ ಕತ್ತರಿ ಮುಟ್ಟಲಿಲ್ಲ. ಬಾಗಿಲಿನಲ್ಲಿ ಇನ್ನೂ ಮಧ್ಯಾಹ್ನವೇ ಆಗಿತ್ತು. ಚೌಕಟ್ಟನ್ನು ಸೀರೆಯೊಂದರಲ್ಲಿ ಸುತ್ತಿ ಕೊಟ್ಟೆ. ಗಾಡಿಯಲ್ಲಿ ಭೋಜಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ; ಮೇಲೆ ಇಡಲು ಬಂದವರಿಗೆಲ್ಲ "ಸಾಕ್" ಎಂದು ಗದರಿಸಿದರಂತೆ.

ಮರುವರ್ಷ ಒಂದು ಮದುವೆಗೆಂದು ಸೂರತ್ತಿಗೆ ಹೋದವಳು ಅವರ ಹೋಟೆಲನ್ನು ಹುಡುಕಿಕೊಂಡು ಹೋದೆ. ಸೀರೆಯ ಕಟ್ಟು ಹೊತ್ತ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಕಾಲಿಟ್ಟರೆ ಕ್ಯಾಶಿನಲ್ಲಿ ಮಗ ಕೂತಿದ್ದ. "ಅಮ್ಮ ಮೇಲೆ ಇದ್ದಾರೆ. ಈಗ ಅವರ ಟೈಮ್," ಎಂದ, ಏನೋ ಕಛೇರಿಯ ವಿಷಯ ಹೇಳುವವನಂತೆ. ನಾನು ಬಾಗಿಲನ್ನು ಒಮ್ಮೆ ತಿರುಗಿ ನೋಡಿದೆ. ಮಾಮೂಲಿ ಬಾಗಿಲು. ನಿಮಗೂ ನನಗೂ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಮೇಲಿನ ಕೋಣೆಯಲ್ಲಿ ಕಿಟಕಿಗೆ ಒರಗಿಸಿ ನಿಲ್ಲಿಸಿದ ಚೌಕಟ್ಟು. ನನ್ನದಲ್ಲ, ಬಡಗಿಯಿಂದ ಮಾಡಿಸಿದ್ದು, ಆಳೆತ್ತರದ್ದು; ಅದರಲ್ಲಿ ಅದೇ ಬಾಗಿಲು, ಈ ಸಲ ದೊಡ್ಡದಾಗಿ. ಎದುರಿಗೆ ಮಣೆಯ ಮೇಲೆ ಲೀಲಕ್ಕ. ಪಕ್ಕದ ಆರಾಮಕುರ್ಚಿಯಲ್ಲಿ ಭೋಜಣ್ಣ, ಮಡಿಲಲ್ಲಿ ನೂಲಿನ ಉಂಡೆಗಳು. ನನ್ನನ್ನು ಕಂಡು ಎಡಗೈ ಎತ್ತಿ, "ಸಾಕ್!" ಎಂದರು. ಈಗ ನನಗೆ ಅದು ನಮಸ್ಕಾರ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಲೀಲಕ್ಕ ಎದ್ದು ಕಾಫಿ ತರಲು ಹೊರಟರು. ಬೇಡ, ನೇಯಿರಿ, ನೋಡುತ್ತೇನೆ ಎಂದೆ. ಕೂತರು. ಸಂಜೆಯ ಕೆಂಪು ನಡೆದಿತ್ತು. ಇಟ್ಟಿಗೆಯ ಕೆಂಪಿಗೆ ಸ್ವಲ್ಪ ಕಿತ್ತಳೆ ಸೇರಿದ್ದು. ಸ್ವಲ್ಪ ಹೊತ್ತಿನ ಮೇಲೆ ಭೋಜಣ್ಣ ಗಂಭೀರವಾಗಿ "ಸಾಕ್" ಎಂದರು. ಈಗ ಬಣ್ಣ ಬದಲಾಗುತ್ತದೆ ಎಂದು ನಾನು ಕಾದೆ.

ಲೀಲಕ್ಕ ತಲೆ ಎತ್ತದೆ, "ಸಾಕಾಗ್ಲಿಲ್ಲ" ಎಂದರು.

"ಸಾಕ್."

"ಸಾಕಾಗ್ಲಿಲ್ಲ ಹ್ವಾಯ್. ಸುಮ್ನೆ ಕೂತ್ಕೊಳ್ಳಿ. ನಂಗೆ ಇನ್ನೂ ಬೇಕು ಕೆಂಪು."

ಭೋಜಣ್ಣ ನನ್ನ ಕಡೆ ತಿರುಗಿ, ಕೇಳಿದಿರಾ ಇವಳ ಮಾತು ಎನ್ನುವ ಹಾಗೆ ಹುಬ್ಬು ಹಾರಿಸಿದರು. ಆಮೇಲೆ ಮಡಿಲಿನಿಂದ ಕೆಂಪಿನ ಇನ್ನೊಂದು ಉಂಡೆ ಆರಿಸಿ ಹೆಂಡತಿಯ ಕೈಗೆ ಕೊಟ್ಟರು.

ಹೊರಡುವಾಗ ಲೀಲಕ್ಕ ಮೆಟ್ಟಿಲವರೆಗೆ ಬಂದರು. "ಇವರು ಕೆಟ್ಟವರಲ್ಲ ಟೀಚರ್. ಲೀಲಾ, ನಿಂಗೆ ಎಂತ ಬೇಕು ಅಂತ ಕೇಳ್ಲಿಕ್ಕೆ ಇವರಿಗೆ ಪುರುಸೊತ್ತು ಇರ್ಲಿಲ್ಲ. ನಂಗೂ ಕೇಳ್ಕೊಳ್ಳಿಕ್ಕೆ ಪುರುಸೊತ್ತು ಇರ್ಲಿಲ್ಲ. ಈಗ ನೋಡಿ, ಜಗಳ ಮಾಡ್ಲಿಕ್ಕೂ ಟೈಮ್ ಉಂಟು." ನಕ್ಕರು. ಕೆಳಗೆ ಯಾರೋ ಮಸಾಲೆ ದೋಸೆಗೆ ಕೂಗಿದರು. ಎಷ್ಟೋ ವರ್ಷದ ಅಭ್ಯಾಸದಿಂದ ಅವರ ಕಾಲು ಒಂದು ಮೆಟ್ಟಿಲು ಇಳಿಯಿತು. ಇಳಿದದ್ದನ್ನು ತಾವೇ ನೋಡಿ, ಮತ್ತೆ ಮೇಲೆ ಹತ್ತಿದರು.

ಇಷ್ಟೆಲ್ಲ ನೆನಪಾದ ಮೇಲೆ ಲಡಿಗಳನ್ನು ಮಹಡಿಯ ತಂತಿಗೆ ಹರವಿ, ಕೈ ಒರೆಸಿಕೊಂಡು, ಲೀಲಕ್ಕನಿಗೆ ಫೋನು ಮಾಡಿದೆ. ಇನ್ನೇನು ಮೇಳ ಹತ್ತಿರ ಬಂತು, ನೋಡಿ. ಆ ಒಂದು ವರ್ಷ ಬಿಟ್ಟರೆ ಅವರು ಮತ್ತೆ ಅತ್ತ ಬಂದಿಲ್ಲ. ಭೋಜಣ್ಣನನ್ನು ಬಿಟ್ಟು ಬರುವಂತಿಲ್ಲ, ಕರೆದುಕೊಂಡು ಬರುವುದು ಈಗ ಇನ್ನೂ ಕಷ್ಟ. ಹಾಗಾಗಿ ನಾನು ಕರೆಯುವುದನ್ನೂ ಬಿಟ್ಟಿದ್ದೆ.

"ನಾನೇ ಮಾಡುವವಳಿದ್ದೆ ಟೀಚರ್! ಈ ಸಲ ಬರ್ತೇನೆ. ಒಬ್ಬಳೇ."

"ಒಬ್ಬರ? ಮತ್ತ ಅಣ್ಣಾರು?"

"ಮಗ, ಸೊಸೆ ನೋಡ್ಕೊಳ್ತಾರೆ. ನಾನು ಬೇಡ ಅಂತಲೇ ಇದ್ದೆ. ಮೂರು ದಿನ ಬಿಟ್ಟು ಹೋಗುದು ಹೇಗೆ ಅಂತ ಸೊಸೆ ಹತ್ರ ಮಾತಾಡ್ತಾ ಇದ್ದೆ. ಇವರು ಕೇಳಿದ್ರು ಕಾಣಿ. ಎದ್ದು ಹೋಗಿ, ಒಂದು ಕೈಯಲ್ಲಿ, ಮಂಚದ ಅಡಿಯಿಂದ ನನ್ನ ಬ್ಯಾಗು ಎಳ್ಕೊಂಡು ಬಂದ್ರು. ಕಾಲು ಎಳ್ಕೊಂಡು, ಬ್ಯಾಗು ಎಳ್ಕೊಂಡು. ತಂದು ನನ್ನ ಎದುರಿಗೆ ಇಟ್ರು. ಎಂತ ಹೇಳ್ಲಿಲ್ಲ. ಆ ಒಂದು ಮಾತೂ ಹೇಳ್ಲಿಲ್ಲ."

ಆ ಕಡೆಯಿಂದ ಮೂಗು ಸೀನಿದ ಶಬ್ದ ಬಂತು. ಮತ್ತೆ ಹೋಟೆಲಿನ ಗಟ್ಟಿ ದನಿ.

"ಅದಿರ್ಲಿ. ಈ ಸಲ ನೀವು ಎಂತ ನೇಯುದು ಟೀಚರ್?"

"ನಾ ಕಲಸ್ಲಿಕ್ಕೆ ಬರ್ತೀನಲ್ಲರಿ."

"ಅದು ಗೊತ್ತುಂಟು ಮಾರಾಯ್ತಿ. ನೇಯುದು ಎಂತ ಅಂತ ಕೇಳಿದ್ದು."

ಏನೋ ಹೇಳಿ ಫೋನು ಇಟ್ಟೆ. ಅಕ್ಕಪಕ್ಕದವರ ಬಟ್ಟೆಗಳ ನಡುವೆ ಮಹಡಿಯ ಮೇಲೆ ನಿಂತು ಲೆಕ್ಕ ಹಾಕಲು ನೋಡಿದೆ, ನನಗಾಗಿ ನಾನು ಕಡೆಯ ಸಲ ಕೂತು ನೇಯ್ದದ್ದು ಯಾವಾಗ ಎಂದು. ನೆನಪಾಗಲಿಲ್ಲ. ಬೇರೆಯವರ ಅಂಚು ಸರಿಮಾಡಿದ್ದು ನೆನಪಿದೆ, ಬೇರೆಯವರ ನವಿಲಿನ ಕುತ್ತಿಗೆ ನೆಟ್ಟಗೆ ಮಾಡಿದ್ದು ನೆನಪಿದೆ. ಊಟದ ಹೊತ್ತು ದಾಟಿತು. ಒಳಗೆ ಬಂದು ಅಟ್ಟದಿಂದ ದೊಡ್ಡದೊಂದು ಚೌಕಟ್ಟು ಇಳಿಸಿ, ಧೂಳು ಒರೆಸಿ, ನಡುಮನೆಯ ಗೋಡೆಗೆ ಒರಗಿಸಿ ಹಾಸು ಕಟ್ಟಲು ಕೂತೆ. ಏನು ನೇಯುವುದೆಂದು ಇನ್ನೂ ಗೊತ್ತಿಲ್ಲ. ಹಾಸು ಕಟ್ಟಲು ಅದು ಗೊತ್ತಿರಬೇಕೆಂದೇನೂ ಇಲ್ಲ.

ಸಂಜೆ ಮನೆಯವರು ಕಾರ್ಖಾನೆಯಿಂದ ಬಂದರು. ಚಪ್ಪಲಿ ಬಿಟ್ಟು, ನೆಲದ ತುಂಬ ಹರಡಿದ್ದ ನೂಲನ್ನು ದಾಟಲು ಒಂದು ಕಾಲು ಎತ್ತಿ ಹಾಗೆಯೇ ನಿಂತರು.

"ಇಷ್ಟ ದೊಡ್ಡದು! ಯಾರಿಗಿದು?"

"ನನಗ," ಎಂದೆ.

ಅವರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ನೂಲು ತುಳಿಯದ ಹಾಗೆ ಗೋಡೆಯ ಅಂಚಿನಿಂದ ಸುತ್ತಿಕೊಂಡು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.